ಮೊದಲು ಸಿಗ್ನಲ್, ಆಮೇಲೆ ಪ್ಲಾನ್, ಕೊನೆಗೆ ಫೋನ್

ಮೊಬೈಲ್ ಅಂಗಡಿಯ ಕೌಂಟರ್ ಮುಂದೆ ನಿಂತರೆ ಆಚೆಗಿರುವ ಹುಡುಗ ಕೇಳುವ ಮೊದಲ ಪ್ರಶ್ನೆ, 'ಎಷ್ಟರೊಳಗೆ ನೋಡ್ತಿದೀರಾ ಸಾರ್?' ಎರಡನೆಯದು, 'ಕ್ಯಾಮೆರಾ ಮುಖ್ಯಾನಾ, ಬ್ಯಾಟರಿನಾ?' ಅಷ್ಟರಲ್ಲಿ ಗಾಜಿನ ಮೇಲೆ ನಾಲ್ಕು ಡಬ್ಬಿಗಳು ಸಾಲಾಗಿ ಬಂದಿರುತ್ತವೆ. 'ನಿಮ್ಮ ಮನೆ ಯಾವ ಕಡೆ, ಅಲ್ಲಿ ಯಾವ ಸಿಮ್ಮಿಗೆ ಟವರ್ ಸಿಗುತ್ತೆ?' ಎಂದು ಕೇಳುವವರು ಅಪರೂಪ. ಅದು ಮಾರುವವರ ಕೆಲಸವೂ ಅಲ್ಲ, ಕೊಳ್ಳುವವರ ಲೆಕ್ಕ. ಆದರೆ ನಾವು ಆ ಲೆಕ್ಕಕ್ಕೆ ಕೂರುವುದು ಫೋನ್ ಮನೆಗೆ ಬಂದು, ಹಾಲ್‌ನಲ್ಲಿ ಮಾತು ಕಡಿದು, 'ಒಂದ್ನಿಮಿಷ ಇರಿ, ಹೊರಗೆ ಬರ್ತೀನಿ' ಎಂದು ಅಂಗಳಕ್ಕೆ ಓಡುವ ದಿನ. ನೀರು ನೋಡಿಸದೆ ಬೋರ್‌ವೆಲ್ ಕೊರೆಸಿದ ಹಾಗೆ.

ದುಡ್ಡಿನ ಕಡೆಯಿಂದ ನೋಡಿದರೂ ಕ್ರಮ ತಲೆಕೆಳಗೇ ಆಗಿದೆ. 18 ಸಾವಿರದ ಫೋನ್ ಕೊಳ್ಳಲು ನಾವು ವಾರಗಟ್ಟಲೆ ಯೂಟ್ಯೂಬ್ ವಿಮರ್ಶೆ ನೋಡುತ್ತೇವೆ, ಅಳಿಯನನ್ನು ಕೇಳುತ್ತೇವೆ, ಹಬ್ಬದ ಆಫರ್‌ಗೆ ಕಾಯುತ್ತೇವೆ. ಅದರೊಳಗಿನ ಸಿಮ್ಮಿಗೆ ರೀಚಾರ್ಜ್ ಮಾಡುವಾಗ ಆ್ಯಪ್‌ನಲ್ಲಿ ಮೊದಲು ಕಂಡದ್ದನ್ನು ಒತ್ತಿಬಿಡುತ್ತೇವೆ. 2024ರ ಜುಲೈನಲ್ಲಿ ದರ ಏರಿದಾಗ ಜಿಯೊದ ದಿನಕ್ಕೆ 2 ಜಿಬಿಯ 28 ದಿನದ ಪ್ಲಾನ್ 349 ರೂಪಾಯಿಯಾಯಿತು. 28 ದಿನದ ಪ್ಲಾನಿಗೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್ ಬೇಕು. ಅಲ್ಲಿಗೆ ವರ್ಷಕ್ಕೆ 4,537 ರೂಪಾಯಿ. ಒಂದು ಫೋನನ್ನು ನಾಲ್ಕು ವರ್ಷ ಬಳಸಿದರೆ 18,148. ಅಂದರೆ ಫೋನಿಗೆ ಕೊಟ್ಟಷ್ಟನ್ನೇ ಸಿಮ್ಮಿಗೂ ಕೊಟ್ಟಿರುತ್ತೇವೆ. ಮನೆಯಲ್ಲಿ ನಾಲ್ಕು ಜನರಿದ್ದರೆ ಇದನ್ನು ನಾಲ್ಕರಿಂದ ಗುಣಿಸಿ ನೋಡಿ.

ಹಾಗಾಗಿ ಈ ಅಂಕಣದ ಮಾತು ಇಷ್ಟೇ: ಮೊದಲು ಸಿಗ್ನಲ್ ನೋಡಿ, ಆಮೇಲೆ ಪ್ಲಾನ್ ಲೆಕ್ಕ ಹಾಕಿ, ಫೋನನ್ನು ಕೊನೆಗೆ ಆರಿಸಿ. ಮೊದಲೆರಡು ಸರಿಹೋದರೆ ಮೂರನೆಯದು ಅರ್ಧ ತಾನೇ ತೀರ್ಮಾನವಾಗುತ್ತದೆ.

ಟವರ್ ಎಲ್ಲಿ, ಮನೆ ಎಲ್ಲಿ

ನಮ್ಮಲ್ಲಿ ಈಗ ಉಳಿದಿರುವುದು ನಾಲ್ಕು ಕಂಪನಿ: ಜಿಯೊ, ಏರ್‌ಟೆಲ್, ವಿಐ, ಬಿಎಸ್ಎನ್ಎಲ್. ಇವುಗಳಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ರಾಜ್ಯಕ್ಕೆಲ್ಲ ಒಂದೇ ಉತ್ತರವಿಲ್ಲ. ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಚೆನ್ನಾಗಿ ಓಡುವ ಸಿಮ್, ಹೊಸನಗರದ ಕಣಿವೆಯ ಮನೆಯಲ್ಲಿ ಸತ್ತುಹೋಗಬಹುದು. ಒಂದೇ ಊರಿನಲ್ಲಿ ಗುಡ್ಡದ ಈ ಮಗ್ಗುಲಿಗೆ ಒಂದು ಕಂಪನಿ, ಆ ಮಗ್ಗುಲಿಗೆ ಇನ್ನೊಂದು ಎಂದು ಭಾಗವಾಗಿರುವುದೂ ಉಂಟು.

ಇದಕ್ಕೆ ಕಾರಣ ರೇಡಿಯೊ ಅಲೆಗಳ ಸ್ವಭಾವ. ಕಡಿಮೆ ಫ್ರೀಕ್ವೆನ್ಸಿಯ ಅಲೆಗಳು, ಅಂದರೆ 700, 850, 900 ಮೆಗಾಹರ್ಟ್ಸ್‌ನವು, ದೂರ ಹೋಗುತ್ತವೆ. ಮರ, ಗೋಡೆ, ಮಳೆಗಾಲದ ಒದ್ದೆ ಹಸಿರನ್ನೂ ಒಂದು ಮಟ್ಟಿಗೆ ದಾಟಿ ಒಳಗೆ ಬರುತ್ತವೆ. 2300, 3300 ಮೆಗಾಹರ್ಟ್ಸ್‌ನವು ಒಂದೇ ಹೊತ್ತಿಗೆ ಬಹಳಷ್ಟು ಡೇಟಾ ಹೊರುತ್ತವೆ, ಆದರೆ ಬೇಗ ಸೋಲುತ್ತವೆ. ಸಿಟಿಯಲ್ಲಿ ಟವರ್‌ಗಳು ಒತ್ತೊತ್ತಾಗಿರುವುದರಿಂದ ಎರಡನೆಯವೇ ಉಪಯೋಗ. ತೋಟದ ಮನೆಗೆ, ಹಳ್ಳಿಗೆ ಮೊದಲನೆಯವೇ ಆಧಾರ. ಜಿಯೊದ 4ಜಿ 850, 1800, 2300ರಲ್ಲಿ ಓಡುತ್ತದೆ. 5ಜಿಗೆ 700 ಮತ್ತು 3300 ಇಟ್ಟುಕೊಂಡಿದೆ. ಏರ್‌ಟೆಲ್ 5ಜಿ ಮುಖ್ಯವಾಗಿ 3300ರ ಮೇಲೆ ನಿಂತಿದೆ. ಬಿಎಸ್ಎನ್ಎಲ್ 4ಜಿಗೆ 700 ಮತ್ತು 2100.

ಬಿಎಸ್ಎನ್ಎಲ್ ವಿಷಯದಲ್ಲಿ ಹಳೆಯ ಅಭಿಪ್ರಾಯವನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು. 2025ರ ಸೆಪ್ಟೆಂಬರ್ 27ರಂದು ಅದರ ಸ್ವದೇಶಿ 4ಜಿ ಜಾಲ ದೇಶಾದ್ಯಂತ ಉದ್ಘಾಟನೆಯಾಯಿತು. 97,500ಕ್ಕೂ ಹೆಚ್ಚು ಟವರ್‌ಗಳ ಲೆಕ್ಕ ಕೊಟ್ಟರು. ಅದರ ರೇಡಿಯೊ ಉಪಕರಣ ಮಾಡಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಮಲೆನಾಡಿನ ಎಷ್ಟೋ ಮೂಲೆಗಳಲ್ಲಿ ಮೊದಲಿಂದಲೂ ಟವರ್ ಇದ್ದದ್ದು ಬಿಎಸ್ಎನ್ಎಲ್‌ನದೇ. ಅಲ್ಲಿ ಇದು ಕೆಲಸಕ್ಕೆ ಬಂದರೆ ತಿಂಗಳ ಖರ್ಚು ಕಡಿಮೆಯಾಗುತ್ತದೆ. ಆದರೆ ಊರಿಂದೂರಿಗೆ ವ್ಯತ್ಯಾಸವಿದೆ. ನಿಮ್ಮ ಹಿತ್ತಿಲಲ್ಲಿ ನಿಂತು ನೋಡದೆ ನಂಬಬೇಡಿ.

ನೋಡುವುದು ಹೇಗೆ? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ತಂದ ಗುಣಮಟ್ಟದ ನಿಯಮದಿಂದಾಗಿ ಪ್ರತಿ ಕಂಪನಿಯೂ ತನ್ನ ವೆಬ್‌ಸೈಟಿನಲ್ಲಿ ಎಲ್ಲೆಲ್ಲಿ 2ಜಿ, 4ಜಿ, 5ಜಿ ಇದೆ ಎಂಬ ನಕ್ಷೆ ಹಾಕಬೇಕಾಗಿದೆ. ಅಲ್ಲಿಂದ ಶುರು ಮಾಡಿ. ಆದರೆ ನಕ್ಷೆಯ ಬಣ್ಣ ಊರಿನ ಮೇಲಿರುತ್ತದೆ, ನಿಮ್ಮ ಅಡುಗೆಮನೆಯ ಮೇಲಲ್ಲ. ಪಕ್ಕದ ಮನೆಯವರೋ ನೆಂಟರೋ ಬೇರೆ ಕಂಪನಿಯ ಸಿಮ್ ಇಟ್ಟುಕೊಂಡಿದ್ದರೆ ಅವರ ಫೋನ್ ಹಿಡಿದು ಮನೆಯೊಳಗೆ ಒಂದು ಸುತ್ತು ಬನ್ನಿ. ಮೇಲಿನ ಕಡ್ಡಿಗಳನ್ನು ಎಣಿಸಬೇಡಿ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದು ಒಂದೊಂದು ಫೋನಿನಲ್ಲಿ ಒಂದೊಂದು ತರ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ಒಳಗೆ ಸಿಮ್ ಸ್ಟೇಟಸ್ ಎಂದಿರುತ್ತದೆ, ಅಲ್ಲಿ ಡಿಬಿಎಂ ಲೆಕ್ಕದಲ್ಲಿ ಒಂದು ಸಂಖ್ಯೆ ಕಾಣುತ್ತದೆ. ಅದು ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90ರ ಆಸುಪಾಸಿದ್ದರೆ ಆರಾಮ. ಮೈನಸ್ 110 ದಾಟಿ ಕೆಳಗಿಳಿದರೆ ಮಾತು ಕಡಿಯುತ್ತದೆ. ಮಲಗುವ ಕೋಣೆ, ಅಡುಗೆಮನೆ, ಕಚೇರಿಯ ನಿಮ್ಮ ಮೇಜು, ಪಂಪ್‌ಸೆಟ್ ಹತ್ತಿರ, ಹೀಗೆ ದಿನದ ಹೆಚ್ಚು ಹೊತ್ತು ಕಳೆಯುವ ನಾಲ್ಕು ಕಡೆ ನೋಡಿದರೆ ಸಾಕು.

'ಬ್ಯಾಟರಿ ನಿಲ್ಲೋದೇ ಇಲ್ಲ' ಎಂಬ ದೂರಿನ ಬೇರೂ ಎಷ್ಟೋ ಸಲ ಇಲ್ಲೇ ಇರುತ್ತದೆ. ಟವರ್ ದೂರವಿದ್ದರೆ ಫೋನ್ ಹೆಚ್ಚು ಶಕ್ತಿ ಹಾಕಿ ಕೂಗಬೇಕು, ಸಿಗ್ನಲ್ ಹೋದಾಗೆಲ್ಲ ಮತ್ತೆ ಮತ್ತೆ ಹುಡುಕಬೇಕು. ಅಂಥ ಮನೆಗೆ 6000 ಎಂಎಎಚ್‌ನ ಫೋನ್ ತಂದರೂ ಸಂಜೆಗೆ ಖಾಲಿ. ಸಿಮ್ ಬದಲಿಸಿದರೆ ಹಳೆಯ ಫೋನೇ ರಾತ್ರಿಯವರೆಗೂ ಬಂದೀತು.

ಯಾವ ಟವರೂ ಸಿಗದ, ಆದರೆ ಫೈಬರ್ ಬಂದಿರುವ ಮನೆಗಳ ಕತೆಯೇ ಬೇರೆ. ಕೊರೊನಾ ಕಾಲದಲ್ಲಿ ಮಕ್ಕಳು ಊರಿಂದ ಕೆಲಸ ಮಾಡಲು ಬಂದು ಕೂತಾಗ ಶಿರಸಿ, ಸಾಗರ, ತೀರ್ಥಹಳ್ಳಿ ಕಡೆ ಒಳಗಿನ ಹಳ್ಳಿಗಳಿಗೂ ಕೇಬಲ್ ಎಳೆಸಿಕೊಂಡವರಿದ್ದಾರೆ. ಅಂಥ ಮನೆಗಳಲ್ಲಿ ಟಿವಿಯಲ್ಲಿ ಯೂಟ್ಯೂಬ್ ನಿರಾತಂಕವಾಗಿ ಓಡುತ್ತಿರುತ್ತದೆ. ಫೋನು ಮಾತ್ರ ಈಗಲೂ ಸಿಗ್ನಲ್ ಸಿಗುವ ಒಂದೇ ಕಿಟಕಿಯ ದಂಡೆಯ ಮೇಲಿರುತ್ತದೆ, ರಿಂಗಾದರೆ ಎಲ್ಲರೂ ಅಲ್ಲಿಗೆ ಓಡುತ್ತಾರೆ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ವೈಫೈ ಕಾಲಿಂಗ್ ಶುರು ಮಾಡಿವೆ. ಫೋನಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಅದನ್ನು ಆನ್ ಮಾಡಿದರೆ ಮಾಮೂಲಿ ನಂಬರಿನ ಕರೆಯೇ ವೈಫೈ ಮೂಲಕ ಬರುತ್ತದೆ, ಹೋಗುತ್ತದೆ. ಬೇರೆ ಆ್ಯಪ್ ಬೇಡ, ಬೇರೆ ದುಡ್ಡೂ ಇಲ್ಲ. ಎರಡು ಷರತ್ತು: ಕೊಳ್ಳುವ ಫೋನ್ ನಿಮ್ಮ ಕಂಪನಿಯ ವೈಫೈ ಕಾಲಿಂಗ್‌ಗೆ ಒಗ್ಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು, ಕರೆಂಟ್ ಹೋದಾಗ ರೂಟರ್ ಉಳಿಯುವಂತೆ ಅದಕ್ಕೊಂದು ಚಿಕ್ಕ ಯುಪಿಎಸ್ ಇಡಬೇಕು.

ಇನ್ನು 5ಜಿ. ದೇಶದಲ್ಲಿ ಅದು ಶುರುವಾದದ್ದು 2022ರ ಅಕ್ಟೋಬರ್ 1ರಂದು. ವಿಐ 5ಜಿ ಬೆಂಗಳೂರಿಗೆ ಬಂದದ್ದು 2025ರ ಜೂನ್‌ನಲ್ಲಿ. ಇವತ್ತು ಫೋನ್ ಕೊಳ್ಳುವವರು 5ಜಿ ಇರುವುದನ್ನೇ ಕೊಳ್ಳಬೇಕು, ಯಾಕೆಂದರೆ ನಾಲ್ಕೈದು ವರ್ಷ ಬಳಸುವ ವಸ್ತು. ಆದರೆ ಡಬ್ಬಿಯ ಮೇಲೆ '12 5ಜಿ ಬ್ಯಾಂಡ್' ಎಂದು ಬರೆದದ್ದಕ್ಕೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ನಮ್ಮಲ್ಲಿ ಮುಖ್ಯವಾಗಿ ಬೇಕಾದದ್ದು ಎನ್78, ಅಂದರೆ 3300ರ ಬ್ಯಾಂಡ್; ಜಿಯೊ ಆದರೆ ಜೊತೆಗೆ ಎನ್28, ಅಂದರೆ 700ರದು.

ದಿನಕ್ಕೆ ಎಷ್ಟು ಬೀಳುತ್ತೆ?

10 ರೂಪಾಯಿ ಕರೆನ್ಸಿ ಹಾಕಿಸಿ ಮಿಸ್ಡ್ ಕಾಲ್ ಕೊಟ್ಟುಕೊಂಡು ತಿಂಗಳು ದೂಡುತ್ತಿದ್ದ ಕಾಲ ಹೋಯಿತು. ಈಗ ವ್ಯಾಲಿಡಿಟಿ ಮುಗಿದರೆ ಮೊದಲು ಔಟ್‌ಗೋಯಿಂಗ್, ಸ್ವಲ್ಪ ದಿನಕ್ಕೆ ಇನ್‌ಕಮಿಂಗ್ ಕೂಡ ಕಟ್. ಹಾಗಾಗಿ ಪ್ಲಾನ್ ನೋಡುವಾಗ ಮೇಲಿನ ಬೆಲೆ ಬಿಟ್ಟು, ಬೆಲೆಯನ್ನು ದಿನಗಳಿಂದ ಭಾಗಿಸಿ. 2024ರ ಜುಲೈ ಏರಿಕೆಯ ದರವನ್ನೇ ಹಿಡಿದರೆ, ಜಿಯೊದ 349ರ 28 ದಿನದ ಪ್ಲಾನ್ ದಿನಕ್ಕೆ ಸುಮಾರು 12.50 ರೂಪಾಯಿ. ಅಷ್ಟೇ ಡೇಟಾದ 84 ದಿನದ 859ರ ಪ್ಲಾನ್ ದಿನಕ್ಕೆ ಸುಮಾರು 10.20. ದಿನಕ್ಕೆ 2.5 ಜಿಬಿಯ ವರ್ಷದ ಪ್ಲಾನ್ 3,599 ರೂಪಾಯಿ, ಅಂದರೆ 10 ರೂಪಾಯಿಗೂ ಕೆಳಗೆ. 28 ದಿನದ ರೀಚಾರ್ಜನ್ನೇ 13 ಸಲ ಮಾಡಿದವರಿಗಿಂತ ವರ್ಷದ್ದನ್ನು ಒಟ್ಟಿಗೆ ಹಾಕಿಸಿದವರಿಗೆ 938 ರೂಪಾಯಿ ಉಳಿಯುತ್ತದೆ, ಮೇಲೆ ಹೆಚ್ಚು ಡೇಟಾ. ದರಗಳು ಬದಲಾಗುತ್ತಲೇ ಇರುತ್ತವೆ, ಭಾಗಾಕಾರ ಬದಲಾಗುವುದಿಲ್ಲ.

ಒಂದು ಎಚ್ಚರ. ವರ್ಷದ ಪ್ಲಾನ್ ಹಾಕಿಸಿ ಮೂರನೇ ತಿಂಗಳಿಗೆ ಸಿಗ್ನಲ್ ಸರಿಯಿಲ್ಲ ಎಂದು ಬೇರೆ ಕಂಪನಿಗೆ ಹೋದರೆ ಉಳಿದ ದಿನಗಳ ದುಡ್ಡು ವಾಪಸ್ ಬರುವುದಿಲ್ಲ. ಹೊಸ ಕಂಪನಿಗೆ ಹೋದವರು ಮೊದಲ ತಿಂಗಳು ದುಬಾರಿಯಾದರೂ 28 ದಿನದ್ದೇ ಹಾಕಿಸಲಿ. ಮನೆ, ಕಚೇರಿ, ಊರಿನ ದಾರಿ ಎಲ್ಲ ನೋಡಿಯಾದ ಮೇಲೆ ಉದ್ದದ ಪ್ಲಾನಿಗೆ ಕೈಹಾಕಲಿ. ತಿಂಗಳ ಸಂಬಳದ ಲೆಕ್ಕದಲ್ಲಿ ಬದುಕುವವರಿಗೆ ಇನ್ನೊಂದು ದಾರಿಯಿದೆ: 2022ರ ಜನವರಿಯ ಟ್ರಾಯ್ ಆದೇಶದಂತೆ ಪ್ರತಿ ಕಂಪನಿಯೂ 30 ದಿನದ ಪ್ಲಾನನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಲಾನನ್ನೂ ಕೊಡಲೇಬೇಕು. ಆ್ಯಪ್‌ನಲ್ಲಿ ಅವು ಮೇಲೆ ಕಾಣುವುದಿಲ್ಲ, ಕೆಳಗೆ ಹುಡುಕಬೇಕು.

ಮುಂದಿನ ಪ್ರಶ್ನೆ, ಡೇಟಾ ನಿಜವಾಗಿ ಎಷ್ಟು ಬೇಕು? ಇದಕ್ಕೆ ಊಹೆ ಬೇಡ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಯೂಸೇಜ್ ತೆರೆದರೆ ಹೋದ ತಿಂಗಳು ಸಿಮ್ಮಿನಿಂದ ಎಷ್ಟು ಖರ್ಚಾಗಿದೆ ಎಂದು ತೋರಿಸುತ್ತದೆ. ಮನೆಯಲ್ಲೂ ಕಚೇರಿಯಲ್ಲೂ ವೈಫೈ ಇರುವವರಲ್ಲಿ ಎಷ್ಟೋ ಜನ ದಿನಕ್ಕೆ ಅರ್ಧ ಜಿಬಿ ಕೂಡ ಮುಟ್ಟುವುದಿಲ್ಲ. ಉಳಿದ ಒಂದೂವರೆ ಜಿಬಿ ರಾತ್ರಿ 12ಕ್ಕೆ ಮಾಯ, ನಾಳೆಗೆ ಸೇರುವುದಿಲ್ಲ. ಅಂಥವರಿಗೆ ದಿನದ ಮಿತಿಯ ಬದಲು ತಿಂಗಳಿಗೋ ವರ್ಷಕ್ಕೋ ಇಡಿಯಾಗಿ ಇಷ್ಟು ಜಿಬಿ ಎಂದು ಕೊಡುವ ಪ್ಲಾನ್ ಅಗ್ಗ. ಬಸ್ಸಿನಲ್ಲಿ, ಪಿಜಿಯಲ್ಲಿ, ಹೊಲದಲ್ಲಿ ಸಿಮ್ಮಿನ ನೆಟ್ಟನ್ನೇ ನಂಬಿದವರಿಗೆ ದಿನದ ಮಿತಿಯ ಪ್ಲಾನೇ ಸರಿ. ಮಿತಿ ಮುಗಿದ ಮೇಲೆ ವೇಗ ಸೆಕೆಂಡಿಗೆ 64 ಕಿಲೊಬಿಟ್‌ಗೆ ಇಳಿಯುತ್ತದೆ. ಆಗ ಅಂಗಡಿ ಮುಂದೆ ನಿಂತು ಫೋನ್‌ಪೇ ತೆರೆದರೆ ಚಕ್ರ ತಿರುಗುತ್ತಲೇ ಇರುತ್ತದೆ.

'ಅನ್‌ಲಿಮಿಟೆಡ್ 5ಜಿ' ಎಂಬ ಮಾತನ್ನೂ ಬಿಡಿಸಿ ನೋಡಬೇಕು. 2024ರ ಜುಲೈನಿಂದ ಜಿಯೊ, ಏರ್‌ಟೆಲ್ ಎರಡೂ ಅದನ್ನು ದಿನಕ್ಕೆ 2 ಜಿಬಿ ಅಥವಾ ಮೇಲಿನ ಪ್ಲಾನ್‌ಗಳಿಗೆ ಸೀಮಿತ ಮಾಡಿದವು. ಮಿತಿಯಿಲ್ಲದಿರುವುದು ಫೋನ್ 5ಜಿ ಟವರ್ ಹಿಡಿದಿದ್ದಾಗ ಮಾತ್ರ. 4ಜಿಗೆ ಇಳಿದ ಕ್ಷಣದಿಂದ ದಿನದ ಪಾಲು ಕರಗಲು ಶುರು. ನಿಮ್ಮ ಬೀದಿಗೆ 5ಜಿ ಬಂದಿದ್ದರೆ ಆ ಪ್ಲಾನ್ ಲಾಭ, ಹಾಸ್ಟೆಲ್ ಹುಡುಗರಿಗಂತೂ ವೈಫೈಯೇ ಬೇಡ. ಬಂದಿಲ್ಲದಿದ್ದರೆ ಆ ಪದಕ್ಕೆ ಕೊಡುವ ದುಡ್ಡು ದಂಡ.

ಮನೆಯ ಹಿರಿಯರ ಸಿಮ್ಮಿನಲ್ಲಿ ಉಳಿಸಲು ಜಾಗ ಹೆಚ್ಚು. ಮಾತಾಡಲಷ್ಟೇ ಫೋನ್ ಇಟ್ಟುಕೊಂಡವರೂ ಡೇಟಾದ ಬೆಲೆ ಕಟ್ಟುವಂತಾಗಿತ್ತು. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ತಿದ್ದಿ, ಕರೆ ಮತ್ತು ಎಸ್ಎಂಎಸ್ ಮಾತ್ರ ಇರುವ ಪ್ಲಾನ್ ಕೊಡಲೇಬೇಕೆಂದಿತು, ವ್ಯಾಲಿಡಿಟಿ 365 ದಿನದವರೆಗೂ ಇರಬಹುದೆಂದಿತು. ಮರುತಿಂಗಳು ಬಂದ ಪ್ಲಾನ್‌ಗಳಲ್ಲಿ ಜಿಯೊದ್ದು 84 ದಿನಕ್ಕೆ 448 ರೂಪಾಯಿ, ಏರ್‌ಟೆಲ್‌ದ್ದು 84 ದಿನಕ್ಕೆ 469, ವರ್ಷಕ್ಕೆ 1,849. ದಿನಕ್ಕೆ ಐದು ರೂಪಾಯಿ ಚಿಲ್ಲರೆ. ಅಮ್ಮನ ಕೀಪ್ಯಾಡ್ ಸೆಟ್ಟಿಗೆ, ಬ್ಯಾಂಕ್ ಒಟಿಪಿಗೆಂದೇ ಇಟ್ಟುಕೊಂಡ ಎರಡನೇ ಸಿಮ್ಮಿಗೆ, ವೈಫೈ ಇರುವ ಮನೆಯಿಂದ ಹೊರಗೆ ಹೋಗದ ಅಜ್ಜನ ಸ್ಮಾರ್ಟ್‌ಫೋನಿಗೆ ಇದು ಸಾಕು. ಒಂದು ಮಾತು ನೆನಪಿರಲಿ: ಜಿಯೊಗೆ 2ಜಿ ಜಾಲವೇ ಇಲ್ಲ, ಹಾಗಾಗಿ ಹಳೆಯ 2ಜಿ ಕೀಪ್ಯಾಡ್ ಸೆಟ್ಟಿನಲ್ಲಿ ಆ ಸಿಮ್ ನಡೆಯದು, 4ಜಿ ಕೀಪ್ಯಾಡ್ ಸೆಟ್ಟೇ ಬೇಕು.

ಪೋಸ್ಟ್‌ಪೇಯ್ಡ್ ಕಡೆ ಮನಸ್ಸಿದ್ದರೆ ಜಾಹೀರಾತಿನ ಬೆಲೆಗೆ ಶೇ 18 ಜಿಎಸ್‌ಟಿ ಸೇರಿಸಿಯೇ ಹೋಲಿಸಿ. 399 ಎಂದು ಬರೆದಿದ್ದರೆ ಬಿಲ್ ಬರುವುದು 471. ಪ್ರೀಪೇಯ್ಡ್ ಬೆಲೆಯಲ್ಲಿ ತೆರಿಗೆ ಮೊದಲೇ ಸೇರಿರುತ್ತದೆ. ಪ್ಲಾನ್ ಜೊತೆ ಬರುವ ಒಟಿಟಿಗಳಲ್ಲಿ ಹಲವು ಮೊಬೈಲ್ ಪರದೆಗಷ್ಟೇ ಸೀಮಿತ, ಟಿವಿಯಲ್ಲಿ ಬರುವುದಿಲ್ಲ. ಬೇರೆಯಾಗಿ ದುಡ್ಡು ಕೊಟ್ಟು ನೋಡುತ್ತಿದ್ದಿರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ; ಇಲ್ಲವಾದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಈಗ ಫೋನ್

ಫೋನಿನ ವಿಷಯಕ್ಕೆ ಬಂದರೆ, ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವುದಕ್ಕೂ ಮೂರನೇ ವರ್ಷದಲ್ಲಿ ನಿಮಗೆ ಬೇಕಾಗುವುದಕ್ಕೂ ಸಂಬಂಧ ಕಡಿಮೆ. ಮೂರನೇ ವರ್ಷದಲ್ಲಿ ಫೋನ್ ಕೈಕೊಡುವುದು ನಾಲ್ಕು ಕಾರಣಕ್ಕೆ: ಅಪ್‌ಡೇಟ್ ನಿಲ್ಲುತ್ತದೆ, ಹ್ಯಾಂಗ್ ಆಗುತ್ತದೆ, ಸ್ಟೋರೇಜ್ ತುಂಬುತ್ತದೆ, ಬ್ಯಾಟರಿ ಸೊರಗುತ್ತದೆ. ಆಯ್ಕೆಯನ್ನೂ ಅದೇ ಕ್ರಮದಲ್ಲಿ ಮಾಡಬೇಕು.

ಅಪ್‌ಡೇಟ್ ಎಂದರೆ ಹೊಸ ಬಣ್ಣ, ಹೊಸ ಐಕಾನ್ ಎಂದಷ್ಟೇ ತಿಳಿದವರು ಬಹಳ. ಕಳ್ಳದಾರಿಗಳನ್ನು ಮುಚ್ಚುವ ಸೆಕ್ಯುರಿಟಿ ತೇಪೆಗಳು ಬರುವುದೂ ಅದರಲ್ಲೇ. ಬ್ಯಾಂಕೇ ಫೋನಿನೊಳಗಿರುವಾಗ ಅದು ನಿಂತರೆ ಅಪಾಯ. ಗೂಗಲ್ ತನ್ನ ಪಿಕ್ಸೆಲ್ 8ರಿಂದ ಏಳು ವರ್ಷ, ಸ್ಯಾಮ್ಸಂಗ್ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷ ಕೊಡುವುದಾಗಿ ಹೇಳಿವೆ. ಅಗ್ಗದ ಸಾಲಿನಲ್ಲೂ ಇದು ಶುರುವಾಗಿದೆ. 2024ರ ಅಕ್ಟೋಬರ್‌ನಲ್ಲಿ ಬಂದ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷದ ಮಾತು ಕೊಟ್ಟಿದ್ದಾರೆ. ಐಫೋನ್‌ಗಳಿಗೆ ಸಾಮಾನ್ಯವಾಗಿ ಆರೇಳು ವರ್ಷ ಬರುತ್ತದೆ: 2019ರ ಐಫೋನ್ 11ಕ್ಕೆ 2025ರ ಐಒಎಸ್ 26 ಕೂಡ ಸಿಕ್ಕಿತು. ಆದರೆ ಈ ವರ್ಷಗಳ ಎಣಿಕೆ ನೀವು ಕೊಂಡ ದಿನದಿಂದಲ್ಲ, ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. 2023ರ ಅಕ್ಟೋಬರ್‌ನಲ್ಲಿ ಬಂದ ಪಿಕ್ಸೆಲ್ 8ನ್ನು ಯಾವಾಗ ಕೊಂಡರೂ ಗಡುವು 2030ರ ಅಕ್ಟೋಬರ್‌ಗೇ. ಭಾರಿ ರಿಯಾಯಿತಿಯಲ್ಲಿ ಹಳೆಯ ಮಾಡೆಲ್ ಸಿಕ್ಕಾಗ ಉಳಿದ ವರ್ಷಗಳನ್ನು ಎಣಿಸಿ, ಬೆಲೆಯನ್ನು ಅದರಿಂದ ಭಾಗಿಸಿ. ರೀಚಾರ್ಜಿಗೆ ಮಾಡಿದ ಲೆಕ್ಕವೇ.

ಹ್ಯಾಂಗ್ ಆಗುವುದಕ್ಕೆ ರ‍್ಯಾಮ್ ಮತ್ತು ಪ್ರೊಸೆಸರ್ ಕಾರಣ. ವಾಟ್ಸ್‌ಆ್ಯಪ್, ಯೂಟ್ಯೂಬ್, ಯುಪಿಐಗೆ 6 ಜಿಬಿ ರ‍್ಯಾಮ್ ಕನಿಷ್ಠ, 8 ಇದ್ದರೆ ನೆಮ್ಮದಿ. '8 + 8, ಒಟ್ಟು 16 ಜಿಬಿ' ಎಂದು ಡಬ್ಬಿಯ ಮೇಲೆ ಕಂಡರೆ ಎರಡನೇ 8ನ್ನು ಮರೆತುಬಿಡಿ. ಅದು ಸ್ಟೋರೇಜಿನ ಒಂದು ಮೂಲೆಯನ್ನು ರ‍್ಯಾಮ್ ಎಂದು ಕರೆದದ್ದು, ನಿಜವಾದ ರ‍್ಯಾಮಿನ ವೇಗ ಅದಕ್ಕಿಲ್ಲ. ಸ್ಟೋರೇಜ್ 128 ಜಿಬಿಗಿಂತ ಕಡಿಮೆ ಬೇಡ. ಬೆಳಗಾದರೆ ಬರುವ ಶುಭೋದಯದ ಚಿತ್ರ, ಮದುವೆಯ ವಿಡಿಯೊ ಸೇರಿ 64 ಜಿಬಿ ವರ್ಷದೊಳಗೆ ತುಂಬುತ್ತದೆ. ಸ್ಟೋರೇಜ್ ಯುಎಫ್ಎಸ್ ಜಾತಿಯದೋ ಹಳೆಯ ಇಎಂಎಂಸಿಯೋ ನೋಡಿ. ಎರಡನೆಯದಾದರೆ ಆ್ಯಪ್ ತೆರೆಯುವುದೇ ನಿಧಾನ. 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್ ಬೆಲೆ ಏರಿ, ಫೋನ್‌ಗಳಿಗೂ ಅದರ ಬಿಸಿ ತಟ್ಟಿದೆ. ಇಂಥ ಹೊತ್ತಿನಲ್ಲಿ ಹೊಸ ಅಗ್ಗದ ಮಾಡೆಲ್‌ಗಿಂತ ಹೋದ ವರ್ಷದ ಒಂದು ಮೆಟ್ಟಿಲು ಮೇಲಿನ ಮಾಡೆಲ್ ಜಾಣತನ.

ಕ್ಯಾಮೆರಾದಲ್ಲಿ ಮೆಗಾಪಿಕ್ಸೆಲ್ ಹಿಂದೆ ಬೀಳಬೇಡಿ. 50 ಮೆಗಾಪಿಕ್ಸೆಲ್ ಎಂಬ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ಚುಕ್ಕಿ ಸೇರಿಸಿ ಒಂದು ಮಾಡಿ, 12.5 ಮೆಗಾಪಿಕ್ಸೆಲ್ಲಿನ ಚಿತ್ರವನ್ನೇ ಕೊಡುತ್ತದೆ. ಹಿಂಬದಿಯಲ್ಲಿ ಮೂರು ಕಣ್ಣಿದ್ದರೂ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೊ, ಡೆಪ್ತ್ ಎಂಬವು ಲೆಕ್ಕ ಭರ್ತಿಗೆ. ಒಐಎಸ್ ಇದೆಯೇ ಕೇಳಿ. ಕೈ ನಡುಗಿದರೂ, ಸಂಜೆಯ ಮಬ್ಬಿನಲ್ಲೂ ಚಿತ್ರ ನಿಲ್ಲುವುದು ಅದರಿಂದ. ಅಂಗಡಿಯ ಝಗಝಗ ಬೆಳಕಲ್ಲಿ ಎಲ್ಲ ಫೋನೂ ಚೆನ್ನಾಗಿಯೇ ತೆಗೆಯುತ್ತವೆ, ಮೂಲೆಯ ನೆರಳಲ್ಲಿ ತೆಗೆದು ನೋಡಿ. ಪರದೆಯನ್ನು ಬಿಸಿಲಿಗೆ ಹಿಡಿದು ನೋಡಿ; ಹೊಲದಲ್ಲಿ, ಬೈಕ್ ಮೇಲೆ ಕೆಲಸ ಮಾಡುವವರಿಗೆ ಇದು ಕ್ಯಾಮೆರಾಗಿಂತ ದೊಡ್ಡದು.

ಅಗ್ಗದ, ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಬ್ಯಾಟರಿ ಈಗ 5000 ಎಂಎಎಚ್‌ಗಿಂತ ಕಡಿಮೆ ಸಿಗುವುದೇ ಅಪರೂಪ. ಕೇಳಬೇಕಾದದ್ದು ಬೇರೆ: ಡಬ್ಬಿಯೊಳಗೆ ಚಾರ್ಜರ್ ಇದೆಯೇ? ಈ ಕಂಪನಿಯ ಸರ್ವಿಸ್ ಸೆಂಟರ್ ನಮ್ಮ ಜಿಲ್ಲಾಕೇಂದ್ರದಲ್ಲಿ ಇದೆಯೇ? ಡಿಸ್‌ಪ್ಲೇ ಒಡೆದರೆ ಎಷ್ಟಾಗುತ್ತೆ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಕೆಲವು ಸಲ ಫೋನಿನ ಅರ್ಧ ಬೆಲೆ. ಕಲಬುರಗಿಯಲ್ಲಿ ಕೊಂಡ ಫೋನ್ ರಿಪೇರಿಗೆ ಹೈದರಾಬಾದಿಗೆ ಹೋಗಬೇಕಾದರೆ ಅದು ಅಗ್ಗದ ಫೋನಲ್ಲ.

ಅಪ್ಪ ಅಮ್ಮನಿಗೆ ಕೊಳ್ಳುವಾಗ ಅಂಗಡಿಯಲ್ಲೇ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರ ದೊಡ್ಡದು ಮಾಡಿ, ಅವರ ಕೈಗೇ ಕೊಡಿ. ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ತಾನೇ ಬರೆದುಕೊಳ್ಳುತ್ತದೆ ಎಂದು ತೋರಿಸಿ. ಟೈಪ್ ಮಾಡಲು ಹೆದರಿ ವಾಟ್ಸ್‌ಆ್ಯಪ್‌ನಲ್ಲಿ ಬರೀ ಕೈಮುಗಿಯುತ್ತಿದ್ದವರು ಮರುದಿನದಿಂದ ಪತ್ರವನ್ನೇ ಬರೆಯುತ್ತಾರೆ.

ಅಮೆರಿಕದಲ್ಲಿರುವ ಮಗ ತರುವ ಐಫೋನಿಗೆ ಬೇರೆಯೇ ಪರೀಕ್ಷೆ. 2022ರ ಐಫೋನ್ 14ರಿಂದ ಅಲ್ಲಿ ಮಾರುವ ಐಫೋನ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಜಿಯೊ, ಏರ್‌ಟೆಲ್, ವಿಐ ಇ-ಸಿಮ್ ಕೊಡುತ್ತವೆ, ಆದರೆ ಬದಲಾಯಿಸುವ ಹೊತ್ತಿಗೆ ಮಗ ಪಕ್ಕದಲ್ಲಿದ್ದರೆ ಚೆನ್ನ. ಅಲ್ಲಿ ಕಂಪನಿಯ ಕಂತಿನಲ್ಲಿ ಕೊಂಡ ಫೋನ್ ಆ ಕಂಪನಿಗೇ ಲಾಕ್ ಆಗಿರುತ್ತದೆ. ಕಂತು ತೀರಿ ಅನ್‌ಲಾಕ್ ಆಗಿದೆಯೇ ಎಂದು ಅವನು ವಿಮಾನ ಹತ್ತುವ ಮೊದಲೇ ಕೇಳಿ.

ಬಿಲ್, ಕಂತು, ಪೋರ್ಟ್

'ನೋ ಕಾಸ್ಟ್ ಇಎಂಐ' ಎಂಬುದು ಪುಕ್ಕಟೆಯಲ್ಲ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಸುತ್ತೋಲೆ ಹೊರಡಿಸಿತ್ತು. ಈಗ ನಡೆಯುವುದು ಹೀಗೆ: ಮಾರುವವರು ಬಡ್ಡಿಯಷ್ಟನ್ನು ಬೆಲೆಯಲ್ಲಿ ಮೊದಲೇ ಕಳೆಯುತ್ತಾರೆ, ಬ್ಯಾಂಕ್ ತಿಂಗಳು ತಿಂಗಳು ಬಡ್ಡಿ ಹಾಕುತ್ತದೆ. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ನಿಮ್ಮ ಪಾಲು. ಒಟ್ಟಿಗೆ ದುಡ್ಡು ಕೊಟ್ಟರೆ ಎಷ್ಟು ಬಿಡುತ್ತೀರಿ ಎಂದು ಕೇಳಿ ಎರಡನ್ನೂ ಹೋಲಿಸಿ.

ಡಬ್ಬಿಯನ್ನು ನಿಮ್ಮೆದುರೇ ಒಡೆಸಿ. *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಡಬ್ಬಿ ಮತ್ತು ಬಿಲ್ಲಿನಲ್ಲಿರುವುದಕ್ಕೆ ತಾಳೆಯಾಗಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ನಿಮ್ಮೂರಿನ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಾಗಲಿ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಕೆವೈಎಂ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಎಸ್ಎಂಎಸ್ ಕಳಿಸಲಿ. ಕದ್ದದ್ದೆಂದು ಬ್ಲಾಕ್ ಆಗಿದ್ದರೆ ಗೊತ್ತಾಗುತ್ತದೆ. ಬಿಲ್ ಇಲ್ಲದ ಫೋನ್ ಎಷ್ಟೇ ಅಗ್ಗವಾದರೂ ಬೇಡ.

ಕಂಪನಿ ಬದಲಿಸಲು ಹೆದರಬೇಕಿಲ್ಲ. ನಂಬರ್ ಉಳಿಸಿಕೊಂಡು ಬೇರೆ ಕಂಪನಿಗೆ ಹೋಗುವ ಸೌಲಭ್ಯ ದೇಶಕ್ಕೆಲ್ಲ ಬಂದದ್ದು 2011ರ ಜನವರಿ 20ರಂದು. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಕಳಿಸಿದರೆ ಯುಪಿಸಿ ಎಂಬ ಕೋಡ್ ಬರುತ್ತದೆ, ನಾಲ್ಕು ದಿನ ಬಾಳುತ್ತದೆ. ಅದನ್ನೂ ಆಧಾರನ್ನೂ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋದರೆ ಸರ್ಕಲ್ ಒಳಗೆ ಮೂರು ಕೆಲಸದ ದಿನಗಳಲ್ಲಿ ಮುಗಿಯಬೇಕು. ಬೀದರ್‌ನಿಂದ ಚಾಮರಾಜನಗರದವರೆಗೆ ಇಡೀ ರಾಜ್ಯ ಒಂದೇ ಸರ್ಕಲ್. ಹಳೆಯ ಕಂಪನಿಯಲ್ಲಿ 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು. ಸಿಮ್ ಕಳೆದು ಹೊಸದು ತೆಗೆದುಕೊಂಡಿದ್ದರೆ ಏಳು ದಿನ ಕೋಡ್ ಸಿಗದು. ವಂಚಕರು ಡೂಪ್ಲಿಕೇಟ್ ಸಿಮ್ ತೆಗೆದು ನಂಬರ್ ಹಾರಿಸದಿರಲೆಂದು 2024ರ ಜುಲೈನಿಂದ ಬಂದ ನಿಯಮ ಇದು.

ನಂಬರ್ ಜೋಪಾನ

ಫೋನ್, ಪ್ಲಾನ್, ಕಂಪನಿ ಮೂರನ್ನೂ ಬದಲಿಸಬಹುದು. ಸುಲಭವಾಗಿ ಬದಲಿಸಲಾಗದ್ದು ನಂಬರ್. ಆಧಾರ್, ಬ್ಯಾಂಕ್, ಗ್ಯಾಸ್ ಬುಕಿಂಗ್, ಮಕ್ಕಳ ಶಾಲೆ ಎಲ್ಲಕ್ಕೂ ಕೊಟ್ಟಿರುವುದು ಅದನ್ನೇ, ಒಟಿಪಿ ಬರುವುದೂ ಅದಕ್ಕೇ. ಆದರೂ ಡ್ರಾಯರಿನಲ್ಲಿ ಬಿದ್ದ ಎರಡನೇ ಸಿಮ್ಮನ್ನು ರೀಚಾರ್ಜ್ ಮಾಡದೆ ಮರೆಯುವವರು ಬಹಳ. ಟ್ರಾಯ್ ನಿಯಮದ ಪ್ರಕಾರ 90 ದಿನ ಏನೂ ಬಳಸದಿದ್ದರೆ ಪ್ರೀಪೇಯ್ಡ್ ನಂಬರನ್ನು ಕಂಪನಿ ವಾಪಸ್ ತೆಗೆದುಕೊಳ್ಳಬಹುದು; ಬ್ಯಾಲೆನ್ಸ್ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು 30 ದಿನ ಮುಂದೂಡುತ್ತಾರೆ. ಕೊನೆಗೆ ಆ ನಂಬರ್ ಬೇರೆಯವರಿಗೆ ಹೋಗುತ್ತದೆ, ಬ್ಯಾಂಕಿಗೆ ನೀವು ಕೊಟ್ಟ ನಂಬರ್ ಮಾತ್ರ ಹಾಗೇ ಉಳಿದಿರುತ್ತದೆ.

ಆದ್ದರಿಂದ ಹೊಸ ಫೋನ್ ತಂದ ವಾರವೇ ಮೂರು ಕೆಲಸ ಮುಗಿಸಿ. ಐಎಂಇಐ ಮತ್ತು ಬಿಲ್ಲಿನ ಫೋಟೊವನ್ನು ಮನೆಯ ಇನ್ನೊಬ್ಬರ ಫೋನಿಗೆ ಕಳಿಸಿಡಿ. ಫೋನ್ ಕಳೆದರೆ ಪೊಲೀಸ್ ದೂರಿನ ಪ್ರತಿಯೊಂದಿಗೆ ಸಂಚಾರ್ ಸಾಥಿ ಜಾಲತಾಣದಲ್ಲಿ ಅದನ್ನು ಬ್ಲಾಕ್ ಮಾಡಿಸಬಹುದು, 2023ರ ಮೇ ತಿಂಗಳಿಂದ ಈ ವ್ಯವಸ್ಥೆ ದೇಶದೆಲ್ಲೆಡೆ ಇದೆ. ಅದೇ ತಾಣದಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಿ. ಒಬ್ಬರಿಗೆ ಒಂಬತ್ತರವರೆಗೆ ಅವಕಾಶವಿದೆ, ನಿಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಕೊಡಿ. ಮನೆಯವರೆಲ್ಲರ ರೀಚಾರ್ಜ್ ಮುಗಿಯುವ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಹಾಕಿ. ಫೋನ್ ಯಾವ ಕಂಪನಿಯದು ಎಂಬ ಚರ್ಚೆ ಆಮೇಲೂ ನಡೆಯಬಹುದು.